ಆಧುನಿಕ ಕಲಾ ಸಂಗ್ರಹಾಲಯಗಳು ಮತ್ತು ಅವುಗಳ ಕಟ್ಟಡಗಳು: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಿಂದ ನೋಡಿದಾಗ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಈಚೆಗೆ ಕಲಾವಿದರು ತಮ್ಮ ಹೆಸರು ಹಾಕಿ ರಚಿಸಿದ ಚಿತ್ರ, ಶಿಲ್ಪ, ಅಚ್ಚಿನ ಚಿತ್ರ, ಛಾಯಾಚಿತ್ರಗಳನ್ನು ಒಟ್ಟುಮಾಡಿ, ಕೆಡದಂತೆ ಕಾಪಾಡಿ, ಜನರಿಗೆ ತೋರಿಸುವ ಸಂಸ್ಥೆಯನ್ನು ಆಧುನಿಕ ಕಲಾ ಸಂಗ್ರಹಾಲಯ ಎನ್ನುತ್ತಾರೆ. ಶಾಸನ, ವೀರಗಲ್ಲು, ನಾಣ್ಯಗಳನ್ನು ಇಡುವ ಪುರಾತತ್ತ್ವ ಸಂಗ್ರಹಾಲಯಕ್ಕೂ ಇದಕ್ಕೂ ಇರುವ ವ್ಯತ್ಯಾಸ ವಸ್ತುಗಳ ವಯಸ್ಸಿನದಷ್ಟೇ ಅಲ್ಲ. ವೀರಗಲ್ಲು ಮಳೆ ಬಿಸಿಲಿನಲ್ಲಿ ಶತಮಾನಗಟ್ಟಲೆ ನಿಂತು ಬಂದದ್ದು. ಕಟ್ಟಡ ಕೈಕೊಟ್ಟರೂ ಅದಕ್ಕೆ ಭಾರಿ ನಷ್ಟವಿಲ್ಲ. ಕಾಗದದ ಮೇಲಿನ ಜಲವರ್ಣ ಚಿತ್ರ ಹಾಗಲ್ಲ. ಬೆಳಕು ಹೆಚ್ಚಾದರೆ ಬಣ್ಣ ಹಾರುತ್ತದೆ, ತೇವ ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಆಧುನಿಕ ಕಲೆಯ ಚರಿತ್ರೆಯನ್ನು ಹೇಳುವಾಗ ಅದಕ್ಕೆ ಆಸರೆ ಕೊಟ್ಟ ಮನೆಯ ಚರಿತ್ರೆಯನ್ನೂ ಜೊತೆಗೇ ಹೇಳಬೇಕಾಗುತ್ತದೆ.

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಆಧುನಿಕ ಕಲೆಗೆಂದು ಕಟ್ಟಿದ ಸಂಗ್ರಹಾಲಯ ಇಲ್ಲ. ಇಲ್ಲಿಯ ಚಿತ್ರಕಲಾ ಶಿಕ್ಷಕರು, ವಿದ್ಯಾರ್ಥಿಗಳು ಮೂಲಚಿತ್ರವೊಂದನ್ನು ಕಣ್ಣಾರೆ ನೋಡಬೇಕೆಂದರೆ ನರಸೀಪುರದ ಮೇಲೆ ಸುಮಾರು 60 ಕಿ.ಮೀ. ದೂರದ ಮೈಸೂರಿಗೆ ಹೋಗಬೇಕು, ಇಲ್ಲವೇ ಮಳವಳ್ಳಿ, ಕನಕಪುರ ದಾಟಿ ಬೆಂಗಳೂರು ಸೇರಬೇಕು. ಹಾಗೆಂದು ಈ ಸೀಮೆ ವಿಷಯದಿಂದ ಹೊರಗೆ ಉಳಿದಿಲ್ಲ. ಕರ್ನಾಟಕದ ಕಲಾ ಸಂಗ್ರಹಾಲಯಗಳು ಬೆಳೆದ ಬಗೆಗೂ ಇಲ್ಲಿರುವ ಕಟ್ಟಡ, ಕಸುಬುಗಳಿಗೂ ಹತ್ತಿರದ ನಂಟಿದೆ. ಈ ಲೇಖನ ಆ ನಂಟನ್ನು ಹಿಡಿದು ಸಾಗುತ್ತದೆ.

ಸೀಮೆಯ ಹಿನ್ನೆಲೆ

ಮೂರು ತಾಲ್ಲೂಕುಗಳು ಇಂದು ಒಂದೇ ಜಿಲ್ಲೆಯಲ್ಲಿದ್ದರೂ ಅವುಗಳ ಹಿಂದಿನ ಆಡಳಿತ ಬೇರೆ ಬೇರೆ. ಯಳಂದೂರು ಮೈಸೂರು ಸಂಸ್ಥಾನದೊಳಗಿನ ಜಹಗೀರು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ದತ್ತಿಯಾಗಿ ಬಂತು. ಕೊಳ್ಳೇಗಾಲ, ಅದರೊಳಗೇ ಇದ್ದು ಈಚೆಗೆ ಬೇರೆ ತಾಲ್ಲೂಕಾದ ಹನೂರು, ಇವೆರಡೂ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಹಾಗಾಗಿ ಯಳಂದೂರಿನವರಿಗೆ ರಾಜಧಾನಿ ಮೈಸೂರಾದರೆ, ನಾಲ್ಕಾರು ಹರದಾರಿ ಆಚೆಯ ಕೊಳ್ಳೇಗಾಲದವರಿಗೆ ಸರ್ಕಾರ ಎಂದರೆ ಮದ್ರಾಸು. ಒಂದೇ ಮಾತು, ಒಂದೇ ಜಾತ್ರೆ, ಒಬ್ಬನೇ ಮಾದಪ್ಪ (ಮಲೆ ಮಹದೇಶ್ವರ). ಕಲಾಶಾಲೆ, ಸಂಗ್ರಹಾಲಯಗಳ ದಾರಿ ಮಾತ್ರ ಎರಡು.

ಈ ಎರಡು ದಾರಿಗಳು ಒಬ್ಬ ವಾಸ್ತುಶಿಲ್ಪಿಯಲ್ಲಿ ಕೂಡುತ್ತವೆ. ಮೈಸೂರಿನ ಇಂದಿನ ಅಂಬಾವಿಲಾಸ ಅರಮನೆಯನ್ನು ರೂಪಿಸಿದ ಹೆನ್ರಿ ಇರ್ವಿನ್ ಅವರೇ ಮದ್ರಾಸಿನ ಎಗ್ಮೋರ್ ಸಂಗ್ರಹಾಲಯದ ಆವರಣದಲ್ಲಿರುವ ವಿಕ್ಟೋರಿಯಾ ಸ್ಮಾರಕ ಭವನವನ್ನೂ ರೂಪಿಸಿದರು. ಫತೇಪುರ್ ಸಿಕ್ರಿಯ ಎತ್ತರದ ಬಾಗಿಲನ್ನು ನೆನಪಿಸುವ ಆ ಕೆಂಗಲ್ಲಿನ ಕಟ್ಟಡ 1951ರಲ್ಲಿ ರಾಷ್ಟ್ರೀಯ ಕಲಾ ಗ್ಯಾಲರಿಯಾಯಿತು. ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲವದು.

ನಮ್ಮ ಸೀಮೆಯ ಕಟ್ಟಡಗಳಲ್ಲಿ ಮೊದಲು ಹೇಳಬೇಕಾದದ್ದು ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಳೇಮಂಟಪವನ್ನು. ಹದಿನಾಡಿನ ಪಾಳೆಯಗಾರರ ಕಾಲದ ಈ ಪ್ರವೇಶಮಂಟಪದ ಮೂಲೆಗಳಿಂದ ಕಲ್ಲಿನ ಬಳೆಗಳ ಸರಪಳಿ ಇಳಿಬಿದ್ದಿದೆ. ಒಂದು ಬಳೆಯೊಳಗೆ ಇನ್ನೊಂದು ಬಳೆ. ಎಲ್ಲಿಯೂ ಸೀಳಿಲ್ಲ, ಬೆಸುಗೆಯಿಲ್ಲ. ಇಡೀ ಸರಪಳಿಯನ್ನು ಒಂದೇ ಕಲ್ಲಿನಿಂದ ಬಿಡಿಸಿದ್ದಾರೆ. ಕೆಳಗೆ ನಿಂತು ಕತ್ತೆತ್ತಿ ನೋಡಿದರೆ ಕಲ್ಲಿನ ಭಾರ ಮರೆತುಹೋಗಿ, ತೂಗುಹಾಕಿದ ಹಗುರ ವಸ್ತುವೊಂದನ್ನು ನೋಡಿದ ಹಾಗಾಗುತ್ತದೆ. ಭಾರವಾದ ದ್ರವ್ಯವನ್ನು ಹಗುರವಾಗಿ ಕಾಣಿಸುವುದು ಇಪ್ಪತ್ತನೆಯ ಶತಮಾನದ ಶಿಲ್ಪಿಗಳು ಬಹಳ ತಲೆಕೆಡಿಸಿಕೊಂಡ ಪ್ರಶ್ನೆ. ಇಲ್ಲಿಯ ಕಲ್ಲುಕುಟಿಗ ಅದಕ್ಕೆ ಬಹಳ ಹಿಂದೆಯೇ ಉಳಿಯಿಂದ ಉತ್ತರ ಕೊಟ್ಟಿದ್ದ. ಶಿಲ್ಪ ಕಲಿಯುವ ಮಕ್ಕಳಿಗೆ ಈ ಮಂಟಪಕ್ಕಿಂತ ಹತ್ತಿರದ ಪಾಠ ಇಲ್ಲ ಎಂದೇ ಈ ಲೇಖಕನ ನಂಬಿಕೆ.

ಎರಡನೆಯದು ಅದೇ ಊರಿನ ಜಹಗೀರುದಾರರ ಬಂಗಲೆ. ಪೂರ್ಣಯ್ಯನವರ ಮನೆತನಕ್ಕೆ ಸೇರಿದ್ದ ಈ ಕಟ್ಟಡವನ್ನು ರಾಜ್ಯದ ಪುರಾತತ್ತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆ ದುರಸ್ತಿ ಮಾಡಿಸಿ ವಸ್ತುಸಂಗ್ರಹಾಲಯವಾಗಿಸಿದೆ. ಇಲ್ಲಿರುವುದು ಪುರಾತನ ವಸ್ತುಗಳು, ಆಧುನಿಕ ಕಲೆಯಲ್ಲ. ಆದರೂ ಈ ಬಂಗಲೆ ನಮ್ಮ ವಿಷಯಕ್ಕೆ ಮುಖ್ಯ. ಯಾರೋ ಬಾಳಿ ಬಿಟ್ಟ ದೊಡ್ಡ ಮನೆಯನ್ನು ಸಾರ್ವಜನಿಕರ ನೋಟಕ್ಕೆ ತೆರೆಯುವ ಕ್ರಮದಲ್ಲೇ ಕರ್ನಾಟಕದ ಹಲವು ಕಲಾ ಸಂಗ್ರಹಾಲಯಗಳೂ ಹುಟ್ಟಿವೆ.

ಅರಮನೆ ಚಿತ್ರಶಾಲೆಯಾದದ್ದು

ಕೊಳ್ಳೇಗಾಲ ಸೀಮೆಯ ಶಾಲಾ ಮಕ್ಕಳು ಪ್ರವಾಸದಲ್ಲಿ ಮೊದಲು ಕಾಣುವ ಕಲಾಶಾಲೆ ಮೈಸೂರಿನ ಜಗನ್ಮೋಹನ ಅರಮನೆ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು. 1897ರಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ತುತ್ತಾದ ಮೇಲೆ ರಾಜಮನೆತನ ಇಲ್ಲಿಯೇ ವಾಸವಿತ್ತು. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡ ಸಮಾರಂಭವೂ ಇಲ್ಲಿಯೇ, ವೈಸರಾಯ್ ಕರ್ಜನ್ ಎದುರಿನಲ್ಲಿ ನಡೆಯಿತು. 1915ರಲ್ಲಿ ಇದು ಚಿತ್ರಶಾಲೆಯಾಯಿತು. 1955ರಲ್ಲಿ ಶ್ರೀ ಜಯಚಾಮರಾಜೇಂದ್ರ ಕಲಾ ಗ್ಯಾಲರಿ ಎಂಬ ಹೆಸರು ಪಡೆಯಿತು. ರಾಜಾ ರವಿವರ್ಮ ಬರೆದ ಪೌರಾಣಿಕ ತೈಲಚಿತ್ರಗಳು ಇಲ್ಲಿವೆ. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಒತ್ತಾಸೆಯಿಂದ ಬಂಗಾಳ ಶೈಲಿಯ ಹೊಸ ಚಿತ್ರಗಳೂ ಸೇರಿದವು. ಅಂದರೆ ತನ್ನ ಕಾಲದ ಜೀವಂತ ಕಲಾವಿದರ ಕೃತಿಗಳನ್ನು ಕೊಂಡು ಜನರಿಗೆ ತೋರಿಸುವ ಕೆಲಸ ನಮ್ಮ ನಾಡಿನಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಆರಂಭವಾಗಿತ್ತು. ಈ ವಿಷಯದಲ್ಲಿ ಮೈಸೂರಿನ ಹೆಸರನ್ನು ಹೇಳಬೇಕಾದಷ್ಟು ಯಾರೂ ಹೇಳಿಲ್ಲ.

ಅರಮನೆ ಚಿತ್ರಕ್ಕಾಗಿ ಕಟ್ಟಿದ್ದಲ್ಲ. ಕಿಟಕಿಗಳು ಗಾಳಿ ಬೆಳಕಿಗಾಗಿ ಇಟ್ಟವು. ಆ ಕಿಟಕಿಗಳ ನಡುವೆ ಉಳಿದ ಗೋಡೆಯಲ್ಲಿ ಚಿತ್ರಗಳು ಒತ್ತಾಗಿ ತೂಗಿವೆ. ಎದುರು ನಿಂತರೆ ಗಾಜಿನ ಮೇಲೆ ಹಿಂದಿನ ಕಿಟಕಿಯೇ ಹೊಳೆಯುವುದುಂಟು. ಈ ತೊಡಕನ್ನು ಇಲ್ಲಿಯವರು ಒಂದು ಕಡೆ ಮಾತ್ರ ಬಹಳ ಚೆನ್ನಾಗಿ ಬಿಡಿಸಿದ್ದಾರೆ. ಎಸ್. ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರಕ್ಕೆ ಕತ್ತಲಾಗಿಸಿದ ಪ್ರತ್ಯೇಕ ಜಾಗ ಕೊಟ್ಟಿದ್ದಾರೆ. 1940ರ ದಶಕದ ನಡುಭಾಗದಲ್ಲಿ ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದ ಜಲವರ್ಣ ಚಿತ್ರ ಅದು. ಸೀರೆಯುಟ್ಟ ಹುಡುಗಿ ಒಂದು ಕೈಯಲ್ಲಿ ದೀಪ ಹಿಡಿದಿದ್ದಾಳೆ, ಇನ್ನೊಂದು ಕೈ ಕುಡಿಗೆ ಗಾಳಿ ತಾಕದಂತೆ ಅಡ್ಡ ಬಂದಿದೆ. ಬೆರಳ ಸಂದಿಯಲ್ಲಿ ಕೆಂಪು ಬೆಳಕು ಸೋರಿ, ಮುಖಕ್ಕೆ ಹತ್ತಿ, ಸೆರಗಿನ ಮಡಿಕೆಗಳಲ್ಲಿ ಆರುತ್ತಾ ಹೋಗುತ್ತದೆ. ಕೋಣೆ ಕತ್ತಲಾಗಿರುವುದರಿಂದ ಆ ದೀಪವೇ ಕೋಣೆಯನ್ನು ಬೆಳಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಬಹಳ ಜನ ಇದನ್ನು ರವಿವರ್ಮನ ಚಿತ್ರವೆಂದು ತಿಳಿದು ಹಾಗೇ ಹೇಳಿಕೊಂಡು ಬಂದಿದ್ದಾರೆ. ಅದು ತಪ್ಪು, ಹಲ್ದಂಕರರ ಹೆಸರು ಅವರಿಗೆ ಸಲ್ಲಬೇಕು. ಕತ್ತಲೆಯೂ ಕಟ್ಟಡದ ಒಂದು ಭಾಗ ಎಂಬುದನ್ನು ತಿಳಿಸುವ ಕೋಣೆ ಇದು.

ಬೆಳಕಿನ ಲೆಕ್ಕ

ಸಂಗ್ರಹಾಲಯದ ಕಟ್ಟಡದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಬೆಳಕಿನ ನಿರ್ವಹಣೆ. ಜಲವರ್ಣ, ಬಟ್ಟೆ, ಹಳೆಯ ಛಾಯಾಚಿತ್ರಗಳ ಮೇಲೆ ಬೀಳುವ ಬೆಳಕು 50 ಲಕ್ಸ್ ಮೀರಬಾರದು, ತೈಲಚಿತ್ರಕ್ಕೆ 200 ಲಕ್ಸ್‌ವರೆಗೆ ಇರಬಹುದು ಎಂಬುದು ಸಂಗ್ರಹಾಲಯಗಳವರು ಸಾಮಾನ್ಯವಾಗಿ ಪಾಲಿಸುವ ಅಳತೆ. ನಮ್ಮ ಬಯಲಿನ ಮಧ್ಯಾಹ್ನದ ಬಿಸಿಲಿನಲ್ಲಿ ಈ ಲೆಕ್ಕ ಹತ್ತಾರು ಸಾವಿರ ದಾಟುತ್ತದೆ. ಹಾಗಾದರೆ ಕೊಳ್ಳೇಗಾಲದ ಒಂದು ರೇಷ್ಮೆ ಸೀರೆಯನ್ನು ಕಲಾಕೃತಿ ಎಂದು ಗೋಡೆಗೆ ತೂಗುಹಾಕಬೇಕಾದರೆ ಅದರ ಮೇಲೆ ಬೀಳಬೇಕಾದ ಬೆಳಕು ಹೊರಗಿನ ಬೆಳಕಿನ ಸಾವಿರದ ಒಂದು ಪಾಲು. ಕೊಳ್ಳೇಗಾಲದ ನೇಕಾರರಿಗೆ ಇದು ಹೊಸ ಸುದ್ದಿಯಲ್ಲ. ಬಣ್ಣ ಹಾಕಿದ ರೇಷ್ಮೆ ಎಳೆಯನ್ನು ಬಿಸಿಲಿನಲ್ಲಿ ಒಣಗಿಸಬಾರದು, ನೆರಳಿನಲ್ಲಿ ಹರವಬೇಕು. ಸೀರೆಯನ್ನು ಬಿಳಿ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಬೇಕು, ಆಗಾಗ ಮಡಿಕೆ ಬದಲಿಸಬೇಕು. ಸಂರಕ್ಷಣೆಯ ಶಾಸ್ತ್ರ ಹೇಳುವುದೂ ಹೆಚ್ಚೂಕಡಿಮೆ ಇದನ್ನೇ.

ನಮ್ಮ ಹಳೆಯ ತೊಟ್ಟಿಮನೆಗಳು ಬೆಳಕನ್ನು ಪಳಗಿಸುವ ಕೆಲಸವನ್ನು ಬಲ್ಲವು. ಬೆಳಕು ನೇರವಾಗಿ ತೊಟ್ಟಿಗೆ ಬೀಳುತ್ತದೆ, ಪಡಸಾಲೆಗೆ ಬರುವಷ್ಟರಲ್ಲಿ ಅರ್ಧವಾಗುತ್ತದೆ, ನಡುಮನೆಗೆ ಬರುವಾಗ ಮಬ್ಬಾಗುತ್ತದೆ. ದಪ್ಪ ಗೋಡೆ ಹಗಲ ಕಾವನ್ನು ಒಳಗೆ ಬಿಡಲು ತಡಮಾಡುತ್ತದೆ. ವಿದ್ಯುತ್ತಿಲ್ಲದ ಕಾಲದಲ್ಲಿ ಕಟ್ಟಿದ ಈ ಕ್ರಮದಲ್ಲಿ ಸಂಗ್ರಹಾಲಯಕ್ಕೆ ಬೇಕಾದ ಮೂಲಪಾಠವೆಲ್ಲ ಇದೆ. ತೊಡಕಿರುವುದು ಚಾವಣಿಯಲ್ಲಿ. ಮದ್ರಾಸ್ ತಾರಸಿಯಾಗಲಿ ಹಂಚಿನ ಮಾಡಾಗಲಿ ವರ್ಷ ವರ್ಷ ಕೈಯಾಡದಿದ್ದರೆ ಸೋರುತ್ತದೆ. ಮನೆಯವರಿದ್ದಾಗ ಸೋರುವ ಜಾಗಕ್ಕೆ ಪಾತ್ರೆ ಇಟ್ಟುಕೊಂಡು ನಾಳೆ ಹಂಚು ಸರಿಮಾಡಿಸುತ್ತಾರೆ. ಇಲಾಖೆಯ ಕಟ್ಟಡದಲ್ಲಿ ಅದಕ್ಕೆ ಅಂದಾಜುಪಟ್ಟಿ ಬೇಕು, ಮಂಜೂರಾತಿ ಬೇಕು. ಅಷ್ಟರಲ್ಲಿ ಮುಂಗಾರು ಮುಗಿದಿರುತ್ತದೆ.

ತೊಟ್ಟಿಮನೆಯ ಈ ಕ್ರಮಕ್ಕೆ ವಿರುದ್ಧವಾದ ಕಲ್ಪನೆ ಪಶ್ಚಿಮದಲ್ಲಿ ಬೆಳೆಯಿತು. 1929ರಲ್ಲಿ ಆರಂಭವಾದ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1939ರಲ್ಲಿ ತನ್ನದೇ ಕಟ್ಟಡಕ್ಕೆ ಬಂದಾಗ ಬಿಳಿ ಗೋಡೆ, ಸಮನಾದ ದೀಪ, ಚಿತ್ರಕ್ಕೂ ಚಿತ್ರಕ್ಕೂ ನಡುವೆ ಧಾರಾಳ ಅಂತರ ಇರುವ ಕೋಣೆಯನ್ನು ರೂಢಿಗೆ ತಂದಿತು. ಚಿತ್ರದ ಸುತ್ತ ಬೇರೇನೂ ಕಾಣಬಾರದು ಎಂಬುದು ಅದರ ತತ್ತ್ವ. 1959ರಲ್ಲಿ ಅದೇ ನಗರದಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಗುಗೆನ್‌ಹೈಮ್ ಸಂಗ್ರಹಾಲಯವನ್ನು ಸುರುಳಿಯಾಗಿ ಕಟ್ಟಿ, ಕಟ್ಟಡವೇ ನೋಡತಕ್ಕ ವಸ್ತು ಎಂದು ಸಾರಿದ. ಪ್ಯಾರಿಸ್ಸಿನ ಪೊಂಪಿದು ಕೇಂದ್ರ 1977ರಲ್ಲಿ ಕೊಳವೆ, ಮೆಟ್ಟಿಲುಗಳನ್ನೆಲ್ಲ ಹೊರಮೈಗೆ ತಂದಿಟ್ಟಿತು. ಸ್ಪೇನಿನ ಬಿಲ್ಬಾವೊದಲ್ಲಿ ಫ್ರಾಂಕ್ ಗೆಹ್ರಿ ಕಟ್ಟಿದ ಟೈಟಾನಿಯಂ ಹೊದಿಕೆಯ ಸಂಗ್ರಹಾಲಯ 1997ರಲ್ಲಿ ತೆರೆದ ಮೇಲೆ, ಬಡವಾದ ಊರನ್ನು ಒಂದು ಕಟ್ಟಡದಿಂದ ಎತ್ತಿ ನಿಲ್ಲಿಸಬಹುದು ಎಂಬ ಆಸೆ ಲೋಕದ ಎಲ್ಲೆಡೆ ಹಬ್ಬಿತು. ಲಂಡನ್ ಬೇರೆ ದಾರಿ ಹಿಡಿಯಿತು. ಕೆಲಸ ನಿಲ್ಲಿಸಿದ್ದ ವಿದ್ಯುತ್ ಸ್ಥಾವರವನ್ನೇ 2000ದಲ್ಲಿ ಟೇಟ್ ಮಾಡರ್ನ್ ಎಂಬ ಸಂಗ್ರಹಾಲಯ ಮಾಡಿತು. ನಮಗೆ ಹತ್ತಿರವಾದದ್ದು ಈ ಕೊನೆಯ ದಾರಿ.

ಭಾರತದಲ್ಲಿ ಲ ಕಾರ್ಬ್ಯುಸಿಯೆ ಅಹಮದಾಬಾದಿನಲ್ಲಿಯೂ ಚಂಡೀಗಢದಲ್ಲಿಯೂ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಸಂಗ್ರಹಾಲಯಗಳನ್ನು ಕಟ್ಟಿದ. ಆದರೆ ಭಾರತ ಸರ್ಕಾರದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಹೊಸ ಕಟ್ಟಡ ಹುಡುಕಲಿಲ್ಲ. 1954ರಲ್ಲಿ ದೆಹಲಿಯ ಜೈಪುರ ಹೌಸ್‌ನಲ್ಲಿ, 1996ರಲ್ಲಿ ಮುಂಬಯಿಯ ಕಾವಸ್‌ಜಿ ಜಹಾಂಗೀರ್ ಹಾಲ್‌ನಲ್ಲಿ ಅದು ಬಿಡಾರ ಹೂಡಿತು. ಮೂರನೆಯದು ಬೆಂಗಳೂರಿನದು.

ಮಾಣಿಕ್ಯವೇಲು ಬಂಗಲೆ

ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆ ಮೊದಲು ಮೈಸೂರಿನ ಯುವರಾಜರ ಒಡೆತನದಲ್ಲಿತ್ತು. ಆಮೇಲೆ ಗಣಿ ವ್ಯವಹಾರದಲ್ಲಿ ಹಣ ಮಾಡಿದ ರಾಜಾ ಮಾಣಿಕ್ಯವೇಲು ಮುದಲಿಯಾರರ ಮನೆಯಾಯಿತು, ಮುಂದೆ ಸರ್ಕಾರದ ಕೈ ಸೇರಿತು. ಸುಮಾರು ಮೂರೂವರೆ ಎಕರೆಯ ಆವರಣ, ದೊಡ್ಡ ದೊಡ್ಡ ಮರಗಳು. 2009ರ ಫೆಬ್ರುವರಿ 18ರಂದು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿ ಇದರ ಬಾಗಿಲು ತೆರೆಯಿತು. ಹಳೆಯ ಬಂಗಲೆಯನ್ನು ಸರಿಪಡಿಸಿ, ಅದರ ಹಿಂದೆ ಹೊಸ ಗ್ಯಾಲರಿ ಸೇರಿಸುವ ಕೆಲಸ ಮಾಡಿದವರು ವಾಸ್ತುಶಿಲ್ಪಿ ನರೇಶ್ ನರಸಿಂಹನ್.

ಇಲ್ಲಿ ನೋಡಬೇಕಾದದ್ದು ಹಳತು ಹೊಸತು ಎರಡನ್ನೂ ಕೂಡಿಸಿದ ಬಗೆ. ಹೊಸ ಭಾಗ ಹಳೆಯದರ ನಕಲಲ್ಲ. ಕಮಾನು, ಗಾರೆ ಹೂಬಳ್ಳಿಗಳ ಸೋಗು ಹಾಕದೆ ಸರಳವಾದ ಗೋಡೆ, ಗಾಜುಗಳಿಂದ ನಿಂತಿದೆ. ಹಳೆಯದನ್ನು ಮರೆಮಾಡುವಷ್ಟು ಎತ್ತರಕ್ಕೂ ಹೋಗಿಲ್ಲ. ನಡುವೆ ನೀರಿನ ಅಂಗಳ. ಬಂಗಲೆಯ ಸಣ್ಣ ಕೋಣೆಗಳಲ್ಲಿ ಆರಂಭಕಾಲದ ಚಿಕ್ಕ ಚಿತ್ರಗಳು ಚೆನ್ನಾಗಿ ಕೂರುತ್ತವೆ, ಏಕೆಂದರೆ ಅವು ಮನೆಗಳಿಗಾಗಿಯೇ ಬರೆದವು. ಜಾಮಿನಿ ರಾಯ್ ಅವರ ಚಿತ್ರವೊಂದನ್ನು ಹಜಾರದಷ್ಟು ದೊಡ್ಡ ಗೋಡೆಗೆ ಹಾಕಿದರೆ ಅನಾಥವಾಗಿ ಕಾಣುತ್ತದೆ. ಕಿಟಕಿಯಿರುವ ಕೋಣೆಯಲ್ಲಿ ನೆಂಟರ ಮನೆಯಲ್ಲಿ ಕಂಡಂತೆ ಕಾಣುತ್ತದೆ. ದೊಡ್ಡ ಕ್ಯಾನ್ವಾಸುಗಳಿಗೆ ಹಿಂದಿನ ಹೊಸ ಗ್ಯಾಲರಿ ಇದೆ. ಕರ್ನಾಟಕದಲ್ಲಿ ಹಳೆಯ ಮನೆಯನ್ನು ಕಲೆಗೆ ಒಗ್ಗಿಸಿದ ಕೆಲಸಗಳಲ್ಲಿ ಇದು ಅತ್ಯುತ್ತಮ. ಯಳಂದೂರಿನ ಬಂಗಲೆಯ ಬಗ್ಗೆ ಯಾರಾದರೂ ಮುಂದೆ ಯೋಚಿಸುವುದಾದರೆ ಮೊದಲು ಈ ಅಂಗಳದಲ್ಲಿ ಒಂದು ಬೆಳಗ್ಗೆ ಕಳೆಯಬೇಕು.

ಕಸ್ತೂರಬಾ ರಸ್ತೆ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಸಂಗ್ರಹಾಲಯ ವಾಸ್ತುವಿನ ಮೂರು ಕಾಲಗಳನ್ನು ಕೆಲವೇ ನಿಮಿಷ ನಡೆದು ನೋಡಬಹುದು. ಬ್ರಿಟಿಷ್ ಎಂಜಿನಿಯರ್ ಸ್ಯಾಂಕಿ ರೂಪಿಸಿದ, ಕೆಂಪು ಬಣ್ಣದ, ಗ್ರೀಕ್ ಮಾದರಿಯ ಕಂಬಗಳ ಸರ್ಕಾರಿ ವಸ್ತುಸಂಗ್ರಹಾಲಯದ ಕಟ್ಟಡ 1877ರದು. ಪಕ್ಕದಲ್ಲೇ ವೆಂಕಟಪ್ಪ ಚಿತ್ರಶಾಲೆ, 1970ರ ದಶಕದ ಕಾಂಕ್ರೀಟಿನ ಕಟ್ಟಡ. ಅದರಾಚೆ, ರಸ್ತೆಯ ಎದುರುಬದಿಗೆ, 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ, ಜನರ ಬಾಯಲ್ಲಿ ‘ಮ್ಯಾಪ್’.

ಕೆ. ವೆಂಕಟಪ್ಪ (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದವರು. ಊಟಿ, ಕೊಡೈಕನಾಲುಗಳ ಮಂಜನ್ನು ಜಲವರ್ಣದಲ್ಲಿ ಹಿಡಿದವರು, ಗಾರೆಯಲ್ಲಿ ಉಬ್ಬುಶಿಲ್ಪ ಮಾಡಿದವರು, ವೀಣೆ ನುಡಿಸಿದವರು. ಒಬ್ಬ ಆಧುನಿಕ ಕಲಾವಿದನ ಹೆಸರಿನಲ್ಲಿ ಸರ್ಕಾರವೇ ಕಟ್ಟಡ ಕಟ್ಟಿಸಿದ್ದು ನಮ್ಮಲ್ಲಿ ಅದೇ ಮೊದಲ ದೊಡ್ಡ ಉದಾಹರಣೆ. ಕೆ. ಕೆ. ಹೆಬ್ಬಾರರ ಚಿತ್ರಗಳಿಗೂ ರಾಜಾರಾಂ ಅವರ ಮರದ ಶಿಲ್ಪಗಳಿಗೂ ಅಲ್ಲಿಯೇ ಜಾಗ ಸಿಕ್ಕಿತು. ಕಡಿಮೆ ಬಾಡಿಗೆಗೆ ಹಜಾರ ಸಿಗುತ್ತಿದ್ದುದರಿಂದ ಜಿಲ್ಲೆಗಳಿಂದ ಬಂದ ಯುವ ಕಲಾವಿದರ ಮೊದಲ ಪ್ರದರ್ಶನಗಳು ಇಲ್ಲಿ ನಡೆದವು. ಈ ಕಟ್ಟಡದ ನಿಜವಾದ ಹೆಗ್ಗಳಿಕೆ ಇದೇ. 2015–16ರಲ್ಲಿ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದರ ನಿರ್ವಹಣೆಗೆ ಕೊಡುವ ಒಪ್ಪಂದ ಬಂದಾಗ ಕಲಾವಿದರು ಬೀದಿಗಿಳಿದು ಪ್ರತಿಭಟಿಸಿದರು. ಗೋಡೆ ಸುಣ್ಣ ಕಾಣದಿದ್ದರೂ ಅದು ನಮ್ಮದು ಎಂಬ ಭಾವ ಅವರಲ್ಲಿತ್ತು. ಸಂಗ್ರಹಾಲಯವೊಂದರ ಯಶಸ್ಸನ್ನು ಅಳೆಯುವುದಾದರೆ ಅದಕ್ಕಾಗಿ ರಸ್ತೆಯಲ್ಲಿ ನಿಲ್ಲುವ ಜನ ಇದ್ದಾರೆಯೇ ಎಂದೂ ನೋಡಬೇಕು.

ಮ್ಯಾಪ್ ಅನ್ನು ಸ್ಥಾಪಿಸಿದವರು ಅಭಿಷೇಕ್ ಪೋದ್ದಾರ್. ಕಟ್ಟಡ ಸೌಮಿತ್ರ ಘೋಷ್ ಮತ್ತು ನಿಶಾ ಮ್ಯಾಥ್ಯೂ ಘೋಷ್ ಅವರದು. ಇದು ತೆರೆದದ್ದೂ ಫೆಬ್ರುವರಿ 18ರಂದೇ, ರಾಷ್ಟ್ರೀಯ ಗ್ಯಾಲರಿ ತೆರೆದು ಸರಿಯಾಗಿ 14 ವರ್ಷಕ್ಕೆ. ಐದು ಅಂತಸ್ತು, ಸುಮಾರು 44,000 ಚದರಡಿ. ಹೊರಮೈಯೆಲ್ಲ ತುಕ್ಕು ಹಿಡಿಯದ ಉಕ್ಕಿನ ಹಲಗೆಗಳು, ಪ್ರತಿ ಹಲಗೆಯ ಮೇಲೂ ಒಂದನ್ನೊಂದು ಅಡ್ಡಹಾಯುವ ಗೆರೆಗಳನ್ನು ಒತ್ತಿದ ಉಬ್ಬು. ಕಾರ್ಖಾನೆಗಳ ಮೇಲಿನ ಉಕ್ಕಿನ ನೀರಿನ ತೊಟ್ಟಿಗಳನ್ನು ನೋಡಿದವರಿಗೆ ಈ ಉಬ್ಬು ಕೂಡಲೇ ಗುರುತಾಗುತ್ತದೆ. ತೆಳು ತಗಡು ನೀರಿನ ಒತ್ತಡಕ್ಕೆ ಬಾಗದಿರಲಿ ಎಂದು ಹಾಗೆ ಒತ್ತುತ್ತಾರೆ. ಕೂಡಿಟ್ಟು ಕಾಪಾಡುವ ತೊಟ್ಟಿ ಎಂಬ ಕಲ್ಪನೆಯನ್ನೇ ವಾಸ್ತುಶಿಲ್ಪಿಗಳು ಸಂಗ್ರಹಾಲಯಕ್ಕೆ ತಂದರು. ಹೊರಗೋಡೆಗಳಲ್ಲಿ ತೆರಪು ಕಡಿಮೆ. ಒಳಗಿನ ಕೃತಿಗಳಲ್ಲಿ ಬಟ್ಟೆ, ಛಾಯಾಚಿತ್ರ, ಸಿನಿಮಾ ಭಿತ್ತಿಪತ್ರಗಳು ಹೆಚ್ಚಾಗಿರುವುದರಿಂದ ಬೆಳಕನ್ನು ಹೊರಗಿಡಲೇಬೇಕು. ಜಾನಪದ, ಆದಿವಾಸಿ ಕಲೆಗೂ ಇಲ್ಲಿ ಆಧುನಿಕ ಚಿತ್ರಗಳ ಜೊತೆಗೆ ಸ್ಥಾನವಿದೆ. ಗಾಲಿಕುರ್ಚಿಯವರೂ ದೃಷ್ಟಿಯಿಲ್ಲದವರೂ ಬಂದು ಅನುಭವಿಸಬೇಕು ಎಂಬುದನ್ನು ನಕ್ಷೆಯಲ್ಲೇ ಗಮನಿಸಿದ್ದಾರೆ. ಅರಮನೆ, ಬಂಗಲೆಗಳ ಎತ್ತರದ ಮೆಟ್ಟಿಲುಗಳಲ್ಲಿ ಇದು ಆಗದ ಮಾತು.

ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು (1960) ಸಂಗ್ರಹಾಲಯದ ಜೊತೆಗೆ ಕಲಾಶಾಲೆಯೂ ಆಗಿರುವುದರಿಂದ ಅದರ ಬಗೆ ಬೇರೆ. ಅದನ್ನು ಕಟ್ಟಿ ಬೆಳೆಸಿದ ಎಂ. ಎಸ್. ನಂಜುಂಡರಾವ್ ತೊಗಲುಬೊಂಬೆಗಳನ್ನು ಹಳ್ಳಿಹಳ್ಳಿ ಸುತ್ತಿ ಸೇರಿಸಿದರು. ರೋರಿಕ್ ಅವರ ಹಿಮಾಲಯ ಚಿತ್ರಗಳೂ ಈ ಬೊಂಬೆಗಳೂ ಒಂದೇ ಸೂರಿನಡಿ ಇವೆ. ಜನವರಿಯ ಚಿತ್ರಸಂತೆಯ ದಿನ ಇಡೀ ರಸ್ತೆಯೇ ಗ್ಯಾಲರಿಯಾಗುತ್ತದೆ. ಕೊಳ್ಳೇಗಾಲದ ಸಂತೆಮಾಳ ನೋಡಿ ಬೆಳೆದವರಿಗೆ ಗೋಡೆಯಿಲ್ಲದ ಈ ಸಂಗ್ರಹಾಲಯ ಬಹಳ ಒಗ್ಗುತ್ತದೆ.

ಜಾನಪದ ಎಲ್ಲಿ, ಆಧುನಿಕ ಎಲ್ಲಿ

ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿದೆ. ಜೀ. ಶಂ. ಪರಮಶಿವಯ್ಯನವರ ಜೊತೆ ಇದನ್ನು ಕಟ್ಟಿದವರು ಪಿ. ಆರ್. ತಿಪ್ಪೇಸ್ವಾಮಿ. ತಿಪ್ಪೇಸ್ವಾಮಿಯವರು ಸ್ವತಃ ಜಲವರ್ಣದ ದೊಡ್ಡ ಕಲಾವಿದರು. ಆಧುನಿಕ ಚಿತ್ರಕಾರನೊಬ್ಬ ಜೀವಮಾನದ ಹಲವು ವರ್ಷಗಳನ್ನು ಕೊಳಗ, ಸೋಮನ ಮುಖ, ಕಂಸಾಳೆಗಳನ್ನು ಹುಡುಕುತ್ತ ಕಳೆದದ್ದು ನಮ್ಮ ಕಲಾ ಚರಿತ್ರೆಯ ತೂಕದ ಸಂಗತಿ. ಅವರ ಕಣ್ಣಿಗೆ ಅವು ಕೃಷಿಯ ಪಳೆಯುಳಿಕೆಗಳಾಗಿರಲಿಲ್ಲ, ಆಕಾರಗಳಾಗಿದ್ದವು.

ಇದೇ ಕಾಣ್ಕೆಯನ್ನು ಕಟ್ಟಡವಾಗಿ ನಿಲ್ಲಿಸಿದ್ದು ಭೋಪಾಲಿನ ಭಾರತ ಭವನ. ಚಾರ್ಲ್ಸ್ ಕೊರಿಯಾ ರೂಪಿಸಿದ ಇದು 1982ರ ಫೆಬ್ರುವರಿಯಲ್ಲಿ ತೆರೆಯಿತು. ಕೆರೆಯ ದಡದ ಇಳಿಜಾರಿನಲ್ಲಿ ಅಂಗಳದಿಂದ ಅಂಗಳಕ್ಕೆ ಇಳಿಯುತ್ತ ಹೋಗುತ್ತದೆ. ರಸ್ತೆಯಿಂದ ನೋಡಿದರೆ ಕಟ್ಟಡವೇ ಇಲ್ಲ, ಬರೀ ಜಗಲಿ, ಹುಲ್ಲು, ಬೆಳಕಿಂಡಿಗಳು. ಅದರ ಕಲಾ ವಿಭಾಗದ ಹೊಣೆ ಹೊತ್ತ ಚಿತ್ರಕಾರ ಜೆ. ಸ್ವಾಮಿನಾಥನ್ ಗೊಂಡ, ಭಿಲ್ಲ ಕಲಾವಿದರ ಕೃತಿಗಳನ್ನು ನಗರದ ಆಧುನಿಕರ ಕೃತಿಗಳ ಸಮಕ್ಕೆ ಇಟ್ಟು, ಇವರೂ ನಮ್ಮ ಕಾಲದವರೇ ಎಂದರು. ಮನೆಗೋಡೆಯ ಮೇಲೆ ಬರೆಯುತ್ತಿದ್ದ ಜನಗಢ ಸಿಂಗ್ ಶ್ಯಾಮ್ ಅಲ್ಲಿಂದಲೇ ಲೋಕಕ್ಕೆ ಗೊತ್ತಾದರು.

ಕೊಳ್ಳೇಗಾಲ, ಹನೂರು, ಯಳಂದೂರುಗಳಿಗೆ ಮಾದರಿ ಬೇಕಾದರೆ ಬಿಲ್ಬಾವೊ ಅಲ್ಲ, ಭೋಪಾಲು. ಇಲ್ಲಿಯ ಕಲಾಸಂಪತ್ತು ಚೌಕಟ್ಟಿನೊಳಗೆ ಇರುವಂಥದ್ದಲ್ಲ. ಮಾದಪ್ಪನ ದೇವರಗುಡ್ಡರ ಕೈಯ ಕಂಸಾಳೆ, ಮಂಟೇಸ್ವಾಮಿ ಪರಂಪರೆಯ ನೀಲಗಾರರ ತಂಬೂರಿ ಗಗ್ಗರ, ಕೊಳ್ಳೇಗಾಲದ ಮಗ್ಗದ ಜರಿಯಂಚು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳ ಬಿದಿರು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಕಂಸಾಳೆ ಅರ್ಧ ಸತ್ತಂತೆ. ಅದು ಸುಳಿದು ಬೀಸುವಾಗ ಬೆಳಕು ಕಂಚಿನ ಅಂಚಿಗೆ ತಾಗಿ ಗೆರೆಯಾಗುತ್ತದೆ, ಆ ಗೆರೆಯೇ ಅದರ ಚಿತ್ರ. ಅದಕ್ಕೆ ಬೇಕಾದದ್ದು ಅಂಗಳ. ಅಂಗಳವಿರುವ, ಸುತ್ತ ಪಡಸಾಲೆಯಿರುವ ತೊಟ್ಟಿಮನೆಯ ನಕ್ಷೆ ಮತ್ತೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ 108 ಅಡಿಯ ಮಹದೇಶ್ವರ ಪ್ರತಿಮೆ ಈ ಸೀಮೆಯ ಅತಿ ದೊಡ್ಡ ಹೊಸ ಶಿಲ್ಪ. ಭಕ್ತರಿಗೆ ಅದು ಪೂಜ್ಯ. ಆದರೆ ನೂರಾರು ಗುಡ್ಡರ ಕಂಠದಲ್ಲಿರುವ ಮಾದಪ್ಪನಿಗೂ ಒಂದು ಜಗಲಿ ಬೇಕು.

ಬೆಟ್ಟದಿಂದ ಹೊರಟ ಆನೆಗಳು

ಈ ಸೀಮೆಯಲ್ಲಿ ಹುಟ್ಟಿದ ಹೊಸ ಕಲೆಗೆ ಒಂದು ಉದಾಹರಣೆ ಲಂಟಾನದ ಆನೆಗಳು. ಲಂಟಾನ ಹೊರದೇಶದಿಂದ ಅಲಂಕಾರಕ್ಕೆಂದು ತಂದ ಗಿಡ. ಇಂದು ಬಿಳಿಗಿರಿ, ಮಹದೇಶ್ವರ ಬೆಟ್ಟಗಳ ಕಾಡನ್ನು ಹಬ್ಬಿ ಹುಲ್ಲು ಬೆಳೆಯದಂತೆ ಮಾಡಿದೆ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಸುಮಾರು ಎರಡು ದಶಕಗಳ ಹಿಂದೆ ಮಹದೇಶ್ವರ ಬೆಟ್ಟದ ಸೋಲಿಗರಿಗೆ ಈ ಗಿಡದಿಂದ ಪೀಠೋಪಕರಣ ಮಾಡುವ ತರಬೇತಿ ಕೊಟ್ಟಿತು. ಕಸುಬು ಅಲ್ಲಿಂದ ಆನೆಗೆ ಬೆಳೆಯಿತು. ಕಾಂಡ ಕಡಿದು ತಂದು, ನೀರಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ತೊಗಟೆ ಸುಲಿಯುತ್ತಾರೆ. ಆಗ ಕಾಂಡ ಬಾಗುತ್ತದೆ. ಕಬ್ಬಿಣದ ಸರಳಿನ ಚೌಕಟ್ಟಿನ ಮೇಲೆ ಒಂದೊಂದೇ ಕಡ್ಡಿಯನ್ನು ಬಳಸಿ ಹೊಡೆಯುತ್ತಾ ಬಂದಂತೆ ಹೊಟ್ಟೆಯ ಉಬ್ಬು, ಮೊಣಕಾಲಿನ ಸುಕ್ಕು, ಕಿವಿಯ ಮಡಿಕೆ ಮೂಡುತ್ತವೆ. ಕಾಡಿನಲ್ಲಿ ಆನೆಯ ಹಿಂದೆಯೂ ಮುಂದೆಯೂ ನಡೆದು ಬಲ್ಲವರ ಕೈ ಅದು. ಮರಿಯ ನಿಲುವು ತಾಯಿಯ ನಿಲುವಿನಂತಿರುವುದಿಲ್ಲ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ಫೆಬ್ರುವರಿಯಲ್ಲಿ ನಿಜ ಗಾತ್ರದ ಲಂಟಾನ ಆನೆಗಳ ಹಿಂಡು ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಿಂತಿತ್ತು. ನೋಡಲು ಜನ ಸಾಲುಗಟ್ಟಿದರು.

ಅವುಗಳನ್ನು ಕರಕುಶಲ ವಸ್ತು ಎನ್ನಬೇಕೋ ಶಿಲ್ಪ ಎನ್ನಬೇಕೋ ಎಂಬ ಚರ್ಚೆ ಇದೆ. ಈ ಲೇಖಕನಿಗೆ ಅದರಲ್ಲಿ ಸಂದೇಹವಿಲ್ಲ. ನೋಡಿದ್ದನ್ನು ದ್ರವ್ಯದ ಸ್ವಭಾವ ಅರಿತು ಆಕಾರಕ್ಕೆ ತಂದದ್ದು ಶಿಲ್ಪ. ಅವು ಆಧುನಿಕ ಶಿಲ್ಪಗಳು, ಮಾಡಿದವರು ಶಿಲ್ಪಿಗಳು. ಅವರ ಹೆಸರುಗಳನ್ನು ಕೃತಿಯ ಪಕ್ಕದಲ್ಲಿ ಬರೆಯಬೇಕು.

ಇದನ್ನು ಓದುವ ಈ ಮೂರು ತಾಲ್ಲೂಕುಗಳ ಶಿಕ್ಷಕರಲ್ಲಿ ಒಂದು ಕೋರಿಕೆ. ಮುಂದಿನ ಶಾಲಾ ಪ್ರವಾಸದ ದಿನ ಬಸ್ಸನ್ನು ನೇರವಾಗಿ ಮೈಸೂರಿಗೆ ಬಿಡಬೇಡಿ. ಬೆಳಗ್ಗೆ ಯಳಂದೂರಿನಲ್ಲಿ ಇಳಿದು ಮಕ್ಕಳಿಗೆ ಬಳೇಮಂಟಪದ ಸರಪಳಿ ತೋರಿಸಿ, ಪೂರ್ಣಯ್ಯನವರ ಬಂಗಲೆಯ ಗೋಡೆಯ ದಪ್ಪವನ್ನು ಅವರ ಕೈಯಿಂದಲೇ ಅಳೆಸಿ, ಆಮೇಲೆ ಜಗನ್ಮೋಹನ ಅರಮನೆಯ ಆ ಕತ್ತಲ ಕೋಣೆಗೆ ಕರೆದುಕೊಂಡು ಹೋಗಿ. ಮೂರನ್ನೂ ಒಂದೇ ಹಗಲಿನಲ್ಲಿ ನೋಡಿ ಬರಬಹುದು.